ಹೆಸರಿಗೊಂದು ಟ್ರಯಲ್

ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಯಾರಿಗೂ ಹೆಸರಿರುತ್ತಿರಲಿಲ್ಲ. ರಾಜನ ಕಿರಿಮಗ ಅಂದರೆ ರಾಜನ ಕಿರಿಮಗ, ಅಷ್ಟೇ. ಅವನು ಏಳು ಕಡಲು ದಾಟಿ, ಗಿಳಿಯ ಕತ್ತು ಮುರಿದು, ರಾಕ್ಷಸನನ್ನು ಕೊಂದು, ರಾಜಕುಮಾರಿಯನ್ನು ಕುದುರೆ ಮೇಲೆ ಕೂರಿಸಿಕೊಂಡು ಮನೆಗೆ ಬಂದರೂ “ನಿನ್ನ ಹೆಸರೇನಪ್ಪಾ?” ಎಂದು ಒಬ್ಬರೂ ಕೇಳುತ್ತಿರಲಿಲ್ಲ. ಅಜ್ಜಿಗೆ ಮರೆವು ಅಂದುಕೊಂಡಿದ್ದೆ. ಮರೆವಲ್ಲ, ಜಾಣತನ. ಹೆಸರು ಹೇಳಿದ್ದರೆ ಕೇಳುತ್ತ ಕೂತವರೆಲ್ಲ “ಈ ಹೆಸರು ಅವನಿಗೆ ಒಪ್ಪುತ್ತಾ?” ಎಂದು ಶುರುಮಾಡುತ್ತಿದ್ದರು. ಚರ್ಚೆ ಮುಗಿಯುವಷ್ಟರಲ್ಲಿ ರಾಕ್ಷಸ ಮುದುಕನಾಗಿ, ಕೆಮ್ಮಿ ಕೆಮ್ಮಿ ತಾನಾಗಿಯೇ ಸಾಯುತ್ತಿದ್ದ.

ಇದು ನನಗೆ ಹೊಳೆದದ್ದು ಅಣ್ಣನಿಗೆ ಮಗ ಹುಟ್ಟಿದ ಮೇಲೆ. ಆದ್ದರಿಂದ ಮಗುವಿನ ಹೆಸರನ್ನು ನಾನೂ ಇಲ್ಲಿ ಹೇಳುವುದಿಲ್ಲ. ಹಳೇ ಕಾಲದ್ದು ಅಂತ ತಿಳಿದುಕೊಂಡರೆ ಸಾಕು. ಉದ್ದನೆಯದು. ಮೊದಲನೇ ಅಕ್ಷರಕ್ಕೆ ಬಾಯಿ ಪೂರ್ತಿ ತೆರೆಯಬೇಕು, ಕೊನೆಯ ಅಕ್ಷರ ಮುಗಿಯುವ ಹೊತ್ತಿಗೆ ಕರೆಸಿಕೊಂಡವನು ಬಂದು ಎದುರಿಗೆ ನಿಂತು “ಏನು?” ಅನ್ನುತ್ತಿರುತ್ತಾನೆ. ನಿಮ್ಮ ಮುತ್ತಜ್ಜನಿಗೋ ಮುತ್ತಜ್ಜನ ಭಾವಮೈದುನನಿಗೋ ಇದ್ದೇ ಇರುತ್ತದೆ.

ಅಣ್ಣ ದರ್ಜಿ. ನಾವಿರುವ ಕಟ್ಟಡದ ಕೆಳಗೇ ಅಂಗಡಿ, ಅದರ ಹಿಂದೆಯೇ ಮನೆ. ಕತ್ತರಿಯೂ ಹೊಲಿಗೆಯೂ ಅವನದು; ಕಾಜ, ಗುಂಡಿ, ಅಂಚು ತಂಗಿಯಾದ ನನ್ನ ಪಾಲಿಗೆ. ಬೀದಿಯವರು ಅವನನ್ನು ಟ್ರಯಲ್ ಮಾಸ್ಟರ್ ಅನ್ನುತ್ತಾರೆ. ಏನೇ ಹೊಲಿಯಲಿ, ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಗಿರಾಕಿಯನ್ನು ಕರೆಸುತ್ತಾನೆ. ತೊಡಿಸುತ್ತಾನೆ. “ಕೈ ಎತ್ತಿ. ಕೂತ್ಕೊಳ್ಳಿ. ಈಗೊಂದು ಸಲ ಸೀನಿ ನೋಡಿ,” ಅನ್ನುತ್ತಾನೆ. ಅಷ್ಟಾದರೆ ತಪ್ಪಿಲ್ಲ. ಆಮೇಲೆ ಅಂಗಡಿಯಲ್ಲಿ ಯಾರಿದ್ದಾರೋ ಅವರನ್ನೆಲ್ಲ ಕೇಳುತ್ತಾನೆ: “ಹೇಗಿದೆ? ನಿಮಗೇನನ್ಸುತ್ತೆ?” ಹಾಲಿನವನು ತೋಳು ಉದ್ದ ಅಂದರೆ ತೋಳು ಕತ್ತರಿಸುತ್ತಾನೆ. ವಿಳಾಸ ಕೇಳಲು ಬಂದ ಅಪರಿಚಿತ ಕಾಲರು ಅಗಲ ಅಂದರೆ ಕಾಲರು. ಒಮ್ಮೆ ಒಬ್ಬ ಮದುಮಗನ ಕೋಟು ಹೀಗೇ ಸಲಹೆಯಿಂದ ಸಲಹೆಗೆ ಸವೆದು, ಮದುವೆಯ ದಿನಕ್ಕೆ ತೋಳಿಲ್ಲದ ಗಿಡ್ಡ ಜಾಕೀಟಾಗಿ ಮುಟ್ಟಿತು. ಅವನು ಇವತ್ತಿಗೂ ನಮ್ಮ ಬೀದಿಗೆ ಬಂದರೆ ಎದುರು ಪಕ್ಕದಲ್ಲೇ ನಡೆಯುತ್ತಾನೆ.

ಇಂಥವನ ಹೆಂಡತಿ ನಮ್ಮ ಅತ್ತಿಗೆ. ಅವಳಿಗೆ ಟ್ರಯಲ್ ಇಲ್ಲ. ಒಂದು ಸಲ ನೋಡುತ್ತಾಳೆ, ಕತ್ತರಿಸುತ್ತಾಳೆ. ಮಗು ಹುಟ್ಟಿದ ದಿನವೇ, ಇನ್ನೂ ಆಸ್ಪತ್ರೆಯ ಮಂಚದ ಮೇಲೆ ಇರುವಾಗಲೇ, ಅವಳು ಹೆಸರು ಹೇಳಿದಳು. ಅವಳ ತಾತನ ಹೆಸರು. ಅಪ್ಪ ಅಮ್ಮ ಇಲ್ಲದ ಅವಳನ್ನೂ ಅವಳ ತಮ್ಮನನ್ನೂ ಇಷ್ಟಗಲದ ಅಂಗಡಿಯಲ್ಲಿ ಛತ್ರಿ ರಿಪೇರಿ ಮಾಡಿಕೊಂಡು ಸಾಕಿದ ಮುದುಕ ಆತ.

“ತಾತ ಹೋದ ಮೇಲೆ ಆ ಹೆಸರನ್ನ ಯಾರಾದ್ರೂ ಬಾಯಿತುಂಬ ಕರೆದಿದ್ದು ನಾನು ಕೇಳಿಲ್ಲ. ಕೇಳಬೇಕು,” ಅಂದಳು. ಅಷ್ಟೇ. ಗಂಡನ ಕಡೆ ತಿರುಗಿ “ನಿಮಗೇನನ್ಸುತ್ತೆ?” ಅನ್ನಲಿಲ್ಲ. ಅಲ್ಲೇ ಎಡವಟ್ಟಾದದ್ದು. ಯಾರೂ ಕೇಳದ ಪ್ರಶ್ನೆಯನ್ನು ಹೊತ್ತುಕೊಂಡು ಅಣ್ಣ ಬೀದಿಗಿಳಿದ.

“ಹೆಸರು ಚೆನ್ನಾಗೇ ಇದೆ,” ಎಂದು ನನ್ನ ಹತ್ತಿರ ಪಿಸುಗುಟ್ಟಿದ. “ಆದ್ರೆ ಜೀವಮಾನವೆಲ್ಲಾ ಹಾಕ್ಕೊಳ್ಳೋದು ನೋಡು. ಒಂದು ಟ್ರಯಲ್ ಇಲ್ಲದೆ ಹೇಗೆ?”

ಮೊದಲ ಟ್ರಯಲ್ ಪಕ್ಕದ ಬಾರ್ಬರ್ ಅಂಗಡಿಯಲ್ಲಿ ನಡೆಯಿತು. ಬಾರ್ಬರ್ ಒಬ್ಬರ ಗಲ್ಲಕ್ಕೆ ನೊರೆ ಹಚ್ಚುತ್ತಿದ್ದವನು ಬ್ರಷ್ ಎತ್ತಿ ಹಿಡಿದು ಯೋಚಿಸಿದ. “ಈ ಹೆಸರಿಗೆ ಮೀಸೆ ಬೇಕು ಮಾಸ್ಟರ್. ಮೀಸೆ ಇಲ್ಲದ ಮುಖದ ಮೇಲೆ ಇದು ನಿಲ್ಲಲ್ಲ, ಜಾರುತ್ತೆ. ಮೀಸೆ ಬರೋವರೆಗೂ ಬೇರೆ ಯಾವುದಾದ್ರೂ ಇಟ್ಟಿರಿ.”

“ಹೌದಲ್ಲ!” ಅಂದ ಅಣ್ಣ.

ಮೊದಲ ಮಹಡಿಯ ಟೀಚರಮ್ಮ ರವಿಕೆ ಅಳತೆ ಕೊಡಲು ಬಂದವರು, “ಹಾಜರಿ ಕೂಗುವಾಗ ಈ ಹೆಸರು ಬಂದ್ರೆ ಇಡೀ ಕ್ಲಾಸು ಬಾಗಿಲ ಕಡೆ ನೋಡುತ್ತೆ, ಯಾರದೋ ಅಜ್ಜ ಬಂದ್ರು ಅಂತ. ಹಿಂದಿನ ಅರ್ಧ ತೆಗೀರಿ,” ಅಂದರು.

“ಹೌದಲ್ಲ!”

ದೊಡ್ಡಮ್ಮ ಫೋನಿನಲ್ಲೇ ಕಿರುಚಿದಳು. “ಅಯ್ಯೋ, ಬೇಡ್ವೋ! ಆ ಹೆಸರಿನವರಿಬ್ಬರು ನಂಗೆ ಗೊತ್ತಿದ್ರು. ಇಬ್ಬರೂ ಕೂತಲ್ಲೇ ಗೊರಕೆ ಹೊಡೀತಿದ್ರು. ಮುಂದಿನ ಅರ್ಧ ಕೇಳಿದ್ರೇನೇ ನನಗೆ ನಿದ್ದೆ ಬರುತ್ತೆ.”

“ಹೌದಲ್ಲ ದೊಡ್ಡಮ್ಮ!”

ಅತ್ತಿಗೆಯ ತಮ್ಮ ಮಾತ್ರ ತಾತನ ಗೊಡವೆಗೇ ಹೋಗಲಿಲ್ಲ, ಹೊಸದೇ ಒಂದು ಹೆಸರು ತಂದಿದ್ದ. ಒಂದೂವರೆ ಅಕ್ಷರದ್ದು, ಹೇಳಿ ಮುಗಿಸಿದ ಮೇಲೂ ಇನ್ನೇನೋ ಬಾಕಿ ಇದೆ ಅನ್ನಿಸುವಂಥದ್ದು. ಅರ್ಥವೇನೋ ಎಂದರೆ, “ಅರ್ಥ ಹುಡುಕ್ತಾ ಇದ್ದೀನಿ ಭಾವ, ಮೊದಲು ಸೌಂಡ್ ನೋಡಿ!” ಅಂದ.

ಹೀಗೇ ನಾಲ್ಕೈದು ತಿಂಗಳು ಕಳೆದು, ಒಂದು ಸಂಜೆ ಅಣ್ಣ ಆಲ್ಟರೇಷನ್ ಮುಗಿಸಿ ಹೆಸರನ್ನು ಮನೆಗೆ ತಂದ. ಟೀಚರಮ್ಮ ಹೇಳಿದಂತೆ ಹಿಂದಿನದು ಹೋಗಿ, ದೊಡ್ಡಮ್ಮ ಹೇಳಿದಂತೆ ಮುಂದಿನದು ಹೋಗಿ, ನಡುವೆ ಉಳಿದದ್ದನ್ನು ಬಾಯಿಬಿಟ್ಟು ಹೇಳಿದ. ಬರಿಗಾಲು ಮೇಜಿನ ಕಾಲಿಗೆ ಬಡಿದಾಗ ಮನುಷ್ಯರ ಬಾಯಿಂದ ಹೊರಡುತ್ತದಲ್ಲ, ಅದೇ ಸದ್ದು.

ಅತ್ತಿಗೆ ಮಗುವಿಗೆ ಅಂಗಿ ತೊಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ರೀ, ಅಂಗಿ ದೊಡ್ಡದಾದ್ರೆ ಅಂಗಿ ಮಡಚ್ತಾರೆ. ಮಗೂನ ಎಳೆಯಲ್ಲ. ಮಗು ಬೆಳೆಯುತ್ತೆ.”

“ಅದಲ್ಲ ಕಣೇ, ಜನ ಏನಂತಾರೆ ಅಂದ್ರೆ…”

“ಜನ ತಾನೇ? ಸರಿ. ಇವತ್ತಿಂದ ಈ ಮನೇಲಿ ಪಾಪು, ಪುಟ್ಟ, ಬಂಗಾರ ಯಾವುದೂ ಇಲ್ಲ. ಇವನನ್ನ ಎತ್ತಿಕೊಳ್ಳಬೇಕು ಅನ್ನೋರು ಪೂರ್ತಿ ಹೆಸರು ಹಿಡಿದು, ಗಟ್ಟಿಯಾಗಿ ಕರೆದು ಕೇಳಬೇಕು. ಅರ್ಧ ಹೆಸರಿಗೆ ಮಗು ಕೊಡಲ್ಲ. ನಿಮಗೂ ಅಷ್ಟೇ.”

ಅಣ್ಣ ನಕ್ಕ. ಆಮೇಲೆ ಕೈ ಚಾಚಿದ. ಆಮೇಲೆ ಹೆಸರು ಹೇಳಿದ. “ಕೇಳಿಸಲಿಲ್ಲ,” ಅಂದಳು ಅತ್ತಿಗೆ. ಇನ್ನೊಮ್ಮೆ ಹೇಳಿದ. ಬೀದಿನಾಯಿ ಎದ್ದು ನಿಂತ ಮೇಲೆ ಮಗು ಕೈಗೆ ಬಂತು.

ಈ ಕಾನೂನಿನ ಪರಿಣಾಮ ಏನಾಯಿತೆಂದು ಹೇಳುವ ಮುಂಚೆ ನಮ್ಮ ಕಟ್ಟಡದ ಮೇಲಿನ ಮಹಡಿಯ ವಿಷಯ ಹೇಳಬೇಕು. ಅಲ್ಲಿ ಗುಡುಗಜ್ಜ ಇದ್ದಾರೆ. ಅಳತೆ-ತೂಕ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ಕೆಲಸದಲ್ಲಿದ್ದಾಗ ಒಮ್ಮೆ ಗುಡುಗಿದರೆ ಅಂಗಡಿಗಳ ತಕ್ಕಡಿ ತಾವಾಗಿಯೇ ಸಮಕ್ಕೆ ಬರುತ್ತಿದ್ದವಂತೆ. ಈಗ ಚೆಂಡಿಗೆ, ಮೋಟರ್‌ಬೈಕಿಗೆ, ಒಗೆದ ಬಟ್ಟೆಯಿಂದ ತೊಟ್ಟಿಕ್ಕುವ ನೀರಿಗೆ ಗುಡುಗುತ್ತಾರೆ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದೆ. ಬಾಗಿಲ ಮೇಲಿನ ಫಲಕದಲ್ಲಿ ‘ನಿವೃತ್ತ ಇನ್‌ಸ್ಪೆಕ್ಟರ್’ ಎಂದಷ್ಟೇ ಇದೆ. ಎದುರಿಗೆ ಸಾರ್, ಹಿಂದಿನಿಂದ ಗುಡುಗಜ್ಜ. ಅವರಿಗೂ ಒಂದು ಹೆಸರಿರಬಹುದು ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಇತ್ತು. ಯಾವುದೆಂದು ನಿಮಗೆ ಈಗಾಗಲೇ ಗೊತ್ತಾಗಿದೆ. ನಮಗೆ ಗೊತ್ತಿರಲಿಲ್ಲ.

ಮಗುವನ್ನು ಎತ್ತಿಕೊಳ್ಳದೆ ಯಾರಿಗೆ ತಾನೆ ಇರಲಾಗುತ್ತದೆ? ಅದೂ ಬೇಡವೆಂದ ಮೇಲೆ! ಅಭಿಪ್ರಾಯ ಕೊಟ್ಟಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದು, ಅಂಗಳದಲ್ಲಿ ನಿಂತು, ಹೆಸರು ಕೂಗತೊಡಗಿದರು. ನಮ್ಮ ಅಂಗಳವೋ, ನಾಲ್ಕು ಕಡೆ ಗೋಡೆ ಎದ್ದ ಬಾವಿಯ ಹಾಗೆ. ಕೆಳಗೆ ಸೂಜಿ ಬಿದ್ದರೆ ಮೇಲಿನ ಮಹಡಿಯಲ್ಲಿ ಕೇಳಿಸುತ್ತದೆ. ಹೆಸರು ಕೂಗಿದವರು ಸುಮ್ಮನಿರುತ್ತಾರೆಯೇ? ಮಗುವಿನ ಎದುರು ಮನುಷ್ಯರು ಆಡುವ ಮಾತನ್ನೆಲ್ಲ ಆಡುತ್ತಾರೆ.

ಬಾರ್ಬರ್ ಹೆಸರು ಹಿಡಿದು ಕೂಗಿ, “ಏನೋ ಬೋಳು ಬುರುಡೆ! ನನ್ನ ಅಂಗಡಿಗೆ ಯಾವಾಗ ಬರ್ತೀಯಾ? ನಿನ್ನಿಂದ ನನಗೇನು ಲಾಭವೋ!” ಎನ್ನುತ್ತಿದ್ದ. ಟೀಚರಮ್ಮ ಹೆಸರು ಕೂಗಿ, “ಹಲ್ಲೇ ಇಲ್ಲ, ಏನು ಜಂಬ ನೋಡು! ನಗು, ನಗು, ವಸಡು ತೋರಿಸು!” ಎನ್ನುತ್ತಿದ್ದರು. ಮಹಡಿಯ ಗುಡುಗು ಮೊದಲ ಬಾರಿಗೆ ನಿಂತಿತು. ಗುಡುಗಜ್ಜ ಕಿಟಕಿ ಮುಚ್ಚಿದರು. ಮರುದಿನ ಬಿಸಿಲಲ್ಲೂ ಉಣ್ಣೆ ಟೋಪಿ ಹಾಕಿಕೊಂಡು, ತುಟಿ ಬಿಗಿಹಿಡಿದು ಮೆಟ್ಟಿಲಿಳಿದರು. “ಅಜ್ಜ ಸುಧಾರಿಸಿದ್ದಾರೆ,” ಎಂದು ಎಲ್ಲರೂ ಸಂತೋಷಪಟ್ಟರು.

ಅದೇ ಹೊತ್ತಿಗೆ ಅತ್ತಿಗೆ ಅಡುಗೆಮನೆಯಿಂದ ಹೆಸರು ಕೂಗಿ, “ಮತ್ತೆ ಒದ್ದೆ ಮಾಡ್ಕೊಂಡ್ಯಾ? ಈಗಷ್ಟೇ ಬದಲಾಯಿಸಿದ್ನಲ್ಲೋ!” ಅಂದಳು. ಮೆಟ್ಟಿಲ ಮೇಲೆ ನಿಂತಿದ್ದ ನಾಲ್ಕಾರು ಜನ ಗೊಳ್ಳೆಂದು ನಕ್ಕರು. ಗುಡುಗಜ್ಜ ಒಂದು ಗಳಿಗೆ ಮೆಟ್ಟಿಲ ಕಂಬಿ ಹಿಡಿದು ನಿಂತರು. ಆಮೇಲೆ ನೆಟ್ಟಗೆ ಬೀದಿಗೆ ಹೋದರು. ಅತ್ತಿಗೆಯೂ ಮಗುವನ್ನು ಎತ್ತಿಕೊಂಡು ಇಂಜೆಕ್ಷನ್ ಹಾಕಿಸಲು ಆಸ್ಪತ್ರೆಗೆ ಹೊರಟಳು. ಇದನ್ನು ನೆನಪಿಟ್ಟುಕೊಳ್ಳಿ. ಅಣ್ಣನೂ ನೆನಪಿಟ್ಟುಕೊಂಡಿದ್ದ, ಅದೇ ತೊಂದರೆಯಾದದ್ದು.

ಮಧ್ಯಾಹ್ನ ಅಂಗಡಿಗೆ ಒಬ್ಬ ಪೊಲೀಸ್ ಪೇದೆ ಬಂದ. ಅಣ್ಣ ಅವನ ಮುಖ ನೋಡುವ ಮೊದಲು ಪ್ಯಾಂಟು ನೋಡಿದ. “ಸೊಂಟ ಸ್ವಲ್ಪ ಬಿಡಬೇಕಾ ಸಾರ್?”

“ಕಂಪ್ಲೇಂಟ್ ಬಂದಿದೆ,” ಎಂದ ಪೇದೆ, ಹೊಟ್ಟೆ ಒಳಗೆಳೆದುಕೊಂಡು. ಆಮೇಲೆ ಹೆಸರು ಹೇಳಿ, “ಗೊತ್ತಾ?” ಎಂದು ಕೇಳಿದ.

“ಗೊತ್ತು ಸಾರ್. ನಮ್ಮವನೇ.”

“ಮರ್ಯಾದೆ ಕೊಟ್ಟು ಮಾತಾಡ್ರೀ!”

“ನಮ್ಮವರೇ ಸಾರ್,” ಎಂದ ಅಣ್ಣ. ಸ್ಟೇಷನ್ನಿನವರು ಕೂಸುಗಳಿಗೂ ಇಷ್ಟು ಮರ್ಯಾದೆ ಕೊಡುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ.

“ಅವರಿಗೆ ಹಲ್ಲಿಲ್ಲ ಅಂತ ಆಡ್ಕೊಂಡ್ರಂತೆ.”

“ಇಲ್ಲವಲ್ಲ ಸಾರ್. ಬಂದ ಮೇಲೆ ಬಾಯಿ ತೆಗೆದು ತೋರಿಸ್ಲಾ?”

“ಬೋಳು ಬುರುಡೆ ಅಂದ್ರಂತೆ.”

“ಅದು ಬಾರ್ಬರು ಅಂದಿದ್ದು. ಆದ್ರೆ ಸುಳ್ಳೇನಲ್ಲ.”

“ಒದ್ದೆ ಮಾಡಿಕೊಂಡ್ರು ಅಂತ ಇಡೀ ಕಟ್ಟಡಕ್ಕೆ ಕೂಗಿ ಹೇಳಿದ್ರಂತೆ!”

“ಕೂಗಿದ್ದು ತಪ್ಪೇ ಸಾರ್. ಆದ್ರೆ ಮಾಡಿಕೊಂಡಿದ್ದು ನಿಜ. ನಾನೇ ಒರೆಸಿದ್ದು.”

ಪೇದೆಯ ದನಿ ತಗ್ಗಿತು. “ಹೌದೇನ್ರೀ? ಪಾಪ. ಹೋಗಲಿ, ಆ ವಯಸ್ಸಲ್ಲಿ ಆಗುತ್ತೆ. ನಾಳೆ ನಮಗೂ ಆ ವಯಸ್ಸು ಬರುತ್ತಲ್ಲ?”

“ನಮಗಾ?” ಅಣ್ಣ ಗಾಬರಿಯಾದ. “ನಮ್ಮದು ಆಗಿಹೋಯ್ತಲ್ಲ ಸಾರ್?”

ಪೇದೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಜನ ಬಂದು ಎತ್ಕೊಂಡು ಹೋಗ್ತೀವಿ, ಎತ್ಕೊಂಡು ಹೋಗ್ತೀವಿ ಅಂತ ಕೂಗ್ತಾರಂತೆ?”

“ಪ್ರೀತಿಗೆ ಸಾರ್. ಎರಡು ಸುತ್ತು ತಿರುಗಿಸಿ ವಾಪಸ್ ತಂದುಕೊಡ್ತಾರೆ.”

“ನೋಡ್ರೀ, ಇದೆಲ್ಲ ನಡೆಯಲ್ಲ. ಅವರ ಹೆಸರನ್ನ ಹೀಗೆ ಬೀದೀಲಿ ಎಳೆದಾಡೋಕೆ ಅವರ ಒಪ್ಪಿಗೆ ಇದೆಯಾ?”

“ಒಪ್ಪಿಗೆನಾ? ಅವರಿಗಿನ್ನೂ ಮಾತೇ ಬರಲ್ಲ ಸಾರ್.”

“ಮಾತು ಬರಲ್ವಾ! ಬೆಳಗ್ಗೆಯಿಂದ ಸ್ಟೇಷನ್ನಲ್ಲಿ ಅವರೊಬ್ಬರೇ ಮಾತಾಡಿದ್ದು. ನಮ್ಮ ಸಾಹೇಬರಿಗೇ ಮಧ್ಯೆ ಬಾಯಿ ಹಾಕೋಕೆ ಬಿಡಲಿಲ್ಲ. ನಾಳೆಯಿಂದ ಆ ಹೆಸರು ಇಲ್ಲಿ ಕೇಳಿಸಕೂಡದು. ಮೇಲಿನವರಿಗೆ ಇನ್ನು ತೊಂದರೆ ಆದ್ರೆ ನಾನು ಸುಮ್ಮನಿರಲ್ಲ!” ಹೀಗೆಂದು ಬೆರಳನ್ನು ಮೇಲಕ್ಕೆತ್ತಿ ತೋರಿಸಿ ಪೇದೆ ಹೋದ.

ಅಣ್ಣ ಹೊಲಿಗೆ ಯಂತ್ರದ ಮುಂದೆ ಕೂತ. ಅತ್ತಿಗೆ ಮಗುವನ್ನು ಎತ್ತಿಕೊಂಡು ಬೆಳಗ್ಗೆ ಹೋದವಳು ಇನ್ನೂ ಬಂದಿರಲಿಲ್ಲ. “ಕೇಳಿದ್ಯೇನೇ?” ಎಂದು ನನ್ನ ಕಡೆ ತಿರುಗಿದ. “ಮಗೂಗೇ ಹೆಸರು ಇಷ್ಟ ಇಲ್ಲ. ತಾನೇ ಹೋಗಿ ಕಂಪ್ಲೇಂಟ್ ಕೊಟ್ಟಿದೆ.”

ನಾನು ಬಾಯಲ್ಲಿ ನಾಲ್ಕು ಗುಂಡಿ ಇಟ್ಟುಕೊಂಡಿದ್ದೆ. ಹಾಗಾಗಿ ಅಲ್ಲಗಳೆಯಲಾಗಲಿಲ್ಲ. ನಿಜ ಹೇಳಬೇಕೆಂದರೆ ಅಲ್ಲಗಳೆಯಬೇಕೆಂದು ಅನ್ನಿಸಲೂ ಇಲ್ಲ. ಹುಟ್ಟಿದ ದಿನವೇ ತೊಟ್ಟಿಲಲ್ಲಿ ಎದ್ದು ಕೂತು “ನನ್ನ ಕತ್ತಿ ಎಲ್ಲಿ?” ಎಂದು ಕೇಳುವ ಮಕ್ಕಳು ಅಜ್ಜಿಯ ಕಥೆಗಳಲ್ಲಿ ಎಷ್ಟಿಲ್ಲ?

ಅತ್ತಿಗೆ ಬಂದಳು. ಅಣ್ಣ ಮಗುವಿನ ಮುಂದೆ ಕೈಕಟ್ಟಿ ನಿಂತ. “ನೀನು ನನಗೇ ಹೇಳಬಹುದಿತ್ತು ಕಣಪ್ಪ,” ಅಂದ. “ಅಪ್ಪ ಅಲ್ವಾ ನಾನು? ಸ್ಟೇಷನ್ನಿಗೆ ಯಾಕೆ ಹೋದೆ?”

ಅತ್ತಿಗೆ ನನ್ನ ಕಡೆ ನೋಡಿದಳು. ನಾನು ಗುಂಡಿ ಉಗುಳಿ ನಡೆದದ್ದನ್ನು ಹೇಳಿದೆ. ಪೇದೆ ಮೇಲಕ್ಕೆ ಬೆರಳು ತೋರಿಸಿದ್ದನ್ನೂ ಹೇಳಿದೆ.

“ಮೇಲಿನವರು ಅಂದ್ರೆ ದೇವರು,” ಎಂದ ಅಣ್ಣ.

“ಮೇಲಿನವರು ಅಂದ್ರೆ ಮೇಲಿನ ಮನೆಯವರು!” ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ನನ್ನ ಮಗನ ಹೆಸರಿಗೆ ತಕರಾರು ತೆಗೆಯೋಕೆ ಅವರ್ಯಾರು?”

“ಲೇ, ಪೊಲೀಸು… ಬೇಡ ಕಣೇ… ಒಂದೂವರೆ ಅಕ್ಷರದ್ದೇ ಇಟ್ಟುಬಿಡೋಣ…”

ಅವಳಾಗಲೇ ಮೆಟ್ಟಿಲು ಹತ್ತುತ್ತಿದ್ದಳು. ಹೆಗಲ ಮೇಲೆ ಮಗು. ಹಿಂದೆ ಅಣ್ಣ, ಕುತ್ತಿಗೆಯಲ್ಲಿ ಟೇಪು ನೇತಾಡುತ್ತಿದೆ. ಅವನ ಹಿಂದೆ ನಾನು. ಮೊದಲ ಮಹಡಿಯಲ್ಲಿ ಟೀಚರಮ್ಮ ಸೇರಿಕೊಂಡರು. ಬಾರ್ಬರ್ ಕೈಯಲ್ಲಿ ಬ್ರಷ್ ಹಿಡಿದೇ ಓಡಿಬಂದ. ಅವನ ಹಿಂದೆ ಅರ್ಧ ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡಿದ್ದ ಗಿರಾಕಿಯೂ ಬಂದ. ಅಷ್ಟು ದೂರ ಹತ್ತಿ ಬಂದ ಮೇಲೆ ಅವನಿಗೂ ಒಂದು ಅಭಿಪ್ರಾಯವಿತ್ತು, ಆದರೆ ಯಾರೂ ಕೇಳಲಿಲ್ಲ.

ಅತ್ತಿಗೆ ಬಾಗಿಲು ತಟ್ಟಿದಳು. ಗುಡುಗಜ್ಜ ತೆರೆದರು. ತಲೆಗೆ ಅದೇ ಉಣ್ಣೆ ಟೋಪಿ. ಹಿಂದೆ ಒಂದು ಕುರ್ಚಿ, ಒಂದು ರೇಡಿಯೊ, ಉಜ್ಜಿ ಉಜ್ಜಿ ಹೊಳೆಯುವ ಹಿತ್ತಾಳೆ ತೂಕದ ಬಟ್ಟುಗಳು ಸಾಲಾಗಿ ಕಿಟಕಿಯಲ್ಲಿ.

“ಇವನು ನನ್ನ ಮಗ,” ಎಂದು ಅತ್ತಿಗೆ ಮಗುವನ್ನು ಅವರ ಮುಖಕ್ಕೆ ಹಿಡಿದಳು. ಪೂರ್ತಿ ಹೆಸರು ಹೇಳಿದಳು, ಒಂದಕ್ಷರ ಬಿಡದೆ. “ನನ್ನ ತಾತನ ಹೆಸರು. ನಾನು ಇಟ್ಟಾಗಿದೆ. ನೀವಲ್ಲ, ನಿಮ್ಮ ಇಲಾಖೆಯೇ ಬಂದರೂ ತೆಗೆಯಲ್ಲ. ಏನು ನಿಮ್ಮ ತಕರಾರು?”

ಗುಡುಗಜ್ಜ ಮಗುವನ್ನು ನೋಡಿದರು. ಮಗು ವಸಡು ತೋರಿಸಿತು. ಅವರು ಟೋಪಿ ತೆಗೆದರು.

“ಅದು… ನನ್ನ ಹೆಸರು,” ಅಂದರು.

ಬಾರ್ಬರನ ಬ್ರಷ್ಷಿನಿಂದ ನೊರೆ ಮೆಟ್ಟಿಲ ಮೇಲೆ ತೊಟ್ಟಿಕ್ಕಿತು. ಪ್ರತಿಯೊಬ್ಬರೂ ತಾವು ಅಂಗಳದಲ್ಲಿ ನಿಂತು ಕೂಗಿದ್ದನ್ನು ಒಂದೊಂದಾಗಿ ನೆನಪಿಸಿಕೊಳ್ಳುತ್ತಿದ್ದರು. ಬಾರ್ಬರ್ ಅಜ್ಜನ ಬೋಳು ತಲೆ ನೋಡಿ ಗೋಡೆಯ ಕಡೆ ತಿರುಗಿದ. ಟೀಚರಮ್ಮ ಬಾಯಿಗೆ ಸೆರಗು ಹಿಡಿದರು. ಅತ್ತಿಗೆಗೆ ಒದ್ದೆಯ ಪ್ರಸಂಗ ನೆನಪಾಗಿ ಕಿವಿ ಕೆಂಪಾಯಿತು. ಆದರೆ ಅವಳು ಮಗುವನ್ನು ಕೆಳಗಿಳಿಸಲಿಲ್ಲ. ಹಿಂದಕ್ಕೂ ಸರಿಯಲಿಲ್ಲ.

ಕ್ಷಮೆ ಕೇಳಬೇಕಾದ ಆ ಗಳಿಗೆಯಲ್ಲಿ ನಮ್ಮ ಅಣ್ಣ ಮುಂದೆ ಬಂದ. ಅವನ ಮುಖದಲ್ಲಿ ಹೊಸ ಬಟ್ಟೆಯ ಥಾನು ಕಂಡಾಗಿನ ಕಳೆ. ಕುತ್ತಿಗೆಯ ಟೇಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವನಿಗೆ ಗೊತ್ತಿದ್ದ ಒಂದೇ ಒಂದು ಪ್ರಶ್ನೆ ಕೇಳಿಬಿಟ್ಟ:

“ಹಾಗಾದ್ರೆ ನೀವೇ ಹೇಳಿ ಸಾರ್! ಇಷ್ಟು ವರ್ಷದಿಂದ ಹಾಕ್ಕೊಂಡಿದ್ದೀರಿ. ಹೇಗಿದೆ? ಎಲ್ಲಾದ್ರೂ ಹಿಡಿಯುತ್ತಾ?”

ಮುಗಿಯಿತು, ಇನ್ನು ಗುಡುಗುತ್ತಾರೆ ಎಂದು ನಾನು ಕಣ್ಣು ಮುಚ್ಚಿದೆ. ಗುಡುಗು ಬರಲಿಲ್ಲ. ಕಣ್ಣು ಬಿಟ್ಟರೆ ಅಜ್ಜ ಬಾಗಿಲ ಚೌಕಟ್ಟಿಗೆ ಒರಗಿ ಯೋಚಿಸುತ್ತಿದ್ದರು. ಅಳತೆಯ ಪ್ರಶ್ನೆ ಕೇಳಿದರೆ ತಪ್ಪು ಉತ್ತರ ಕೊಡುವ ಮನುಷ್ಯ ಅವರಲ್ಲ.

“ಚಿಕ್ಕವನಿದ್ದಾಗ ದೊಗಲೆ ಇತ್ತಪ್ಪ,” ಅಂದರು ನಿಧಾನವಾಗಿ. “ಆಗಲೇ ಹಳೇ ಹೆಸರು ಅದು. ಶಾಲೇಲಿ ನಗ್ತಿದ್ರು. ನಮ್ಮಮ್ಮನ ಹತ್ತಿರ ಅತ್ತು, ಬದಲಾಯಿಸು ಅಂದೆ. ‘ಬೆಳೀತೀಯಾ, ಸುಮ್ನಿರು’ ಅಂದಳು. ಕೆಲಸಕ್ಕೆ ಸೇರಿದ ಮೇಲೆ ಭುಜದ ಮೇಲೆ ಸರಿಯಾಗಿ ಕೂತ್ಕೊಂತು. ಸಂತೇಲಿ ಆ ಹೆಸರು ಹೇಳಿದ್ರೆ ಒಬ್ಬನೂ ತೂಕಕ್ಕೆ ಮೋಸ ಮಾಡ್ತಿರಲಿಲ್ಲ. ಎಲ್ಲೂ ಹಿಡಿದಿಲ್ಲ. ಒಂದು ಹೊಲಿಗೆ ಬಿಟ್ಟಿಲ್ಲ.” ಕೈಯಲ್ಲಿದ್ದ ಟೋಪಿಯನ್ನು ಒಂದು ಸುತ್ತು ತಿರುಗಿಸಿದರು. “ನಮ್ಮವಳು ಹೋದ ಮೇಲೆ ಕರೆಯೋರಿರಲಿಲ್ಲ. ಮಡಿಚಿ ಇಟ್ಟಿದ್ದೆ. ಮೊನ್ನೆ ಇದ್ದಕ್ಕಿದ್ದ ಹಾಗೆ ಅಂಗಳದಲ್ಲಿ ಕರೆದ್ರು. ಎದ್ದು ‘ಬಂದೆ’ ಅಂತ ಬಾಗಿಲ ತನಕ ಓಡಿದೆ. ಆಮೇಲೆ ಬೋಳು ಬುರುಡೆ ಅಂದ್ರು.”

ಅತ್ತಿಗೆಯ ಮುಖ ನಾನು ನೋಡಲಿಲ್ಲ. ನೋಡಬಾರದೆನ್ನಿಸಿತು.

ಅಜ್ಜ ಎರಡೂ ಕೈ ಚಾಚಿದರು. “ಕೊಡು ಇಲ್ಲಿ. ಅಳತೆ ನೋಡ್ತೀನಿ.”

ಇಡೀ ಮೆಟ್ಟಿಲು ಅತ್ತಿಗೆಯ ಕಡೆ ನೋಡಿತು. ಈ ಒಂದು ಸಲ ಬಿಟ್ಟುಬಿಡೇ ಮಾರಾಯ್ತಿ ಎಂದು ಅಣ್ಣ ಕಣ್ಣಲ್ಲೇ ಬೇಡಿಕೊಂಡ. ಅವಳು ಮೂಗೆಳೆದುಕೊಂಡಳು.

“ಹೆಸರು ಹಿಡಿದು ಕೇಳಬೇಕು,” ಅಂದಳು. “ಪೂರ್ತಿ. ಗಟ್ಟಿಯಾಗಿ.”

ಗುಡುಗಜ್ಜ ತಮ್ಮ ಹೆಸರನ್ನು ತಾವೇ ಕರೆದರು. ಅಂಗಳದ ನಾಲ್ಕು ಗೋಡೆಗೂ ಬಡಿದು ಅದು ಕೆಳಗಿಳಿದು ಮತ್ತೆ ಮೇಲೆ ಬಂತು. ಮಗು ಕಣ್ಣರಳಿಸಿ ಅವರ ತೋಳಿಗೆ ಹಾರಿ, ಉಣ್ಣೆ ಟೋಪಿಯನ್ನು ಬಾಯಿಗೆ ಹಾಕಿಕೊಂಡು, ಅವರ ಅಂಗಿಯನ್ನು ಸಾಂಗೋಪಾಂಗವಾಗಿ ಒದ್ದೆ ಮಾಡಿತು.

“ಒದ್ದೆ ಮಾಡಿದ್ದು ಯಾರು ಅಂತ ಈಗ ಎಲ್ಲರೂ ನೋಡ್ಕೊಳ್ಳಿ!” ಎಂದು ಅಜ್ಜ ಗುಡುಗಿದರು. ಕಟ್ಟಡಕ್ಕೆ ಜೀವ ಬಂತು.

ಮರುದಿನ ಹೆಸರು ಬರೆಸಲು ಕಚೇರಿಗೆ ಹೋದೆವು. ಅಣ್ಣ, ಅತ್ತಿಗೆ, ಮಗು, ನಾನು, ಜೊತೆಗೆ ಒಗೆದು ಇಸ್ತ್ರಿ ಮಾಡಿದ ಅಂಗಿಯಲ್ಲಿ ಗುಡುಗಜ್ಜ. ಗುಮಾಸ್ತ ಹೆಸರು ಕೇಳಿ ಪೆನ್ನು ಕೆಳಗಿಟ್ಟ. “ಈ ಕಾಲಕ್ಕೆ ಈ ಹೆಸರಾ? ನನ್ನ ಅಭಿಪ್ರಾಯ ಕೇಳಿದ್ರೆ…”

ಎಲ್ಲರೂ ಅಣ್ಣನ ಕಡೆ ನೋಡಿದೆವು. ಅವನ ತುಟಿಯ ಮೇಲೆ “ಹೌದಲ್ಲ” ಬಂದು ಕೂತದ್ದನ್ನು ನಾನು ಕಣ್ಣಾರೆ ಕಂಡೆ. ಅಣ್ಣ ಅದನ್ನು ನುಂಗಿದ. ಗುಂಡಿ ನುಂಗಿದವನ ಹಾಗೆ ಗಂಟಲು ಮೇಲೆ ಕೆಳಗೆ ಆಡಿತು.

“ಟ್ರಯಲ್ ಆಗಿದೆ ಸಾರ್,” ಅಂದ. “ಎಲ್ಲೂ ಹಿಡಿಯಲ್ಲ. ಬರೀರಿ.”

ಗುಮಾಸ್ತ ಬರೆದ.

ಈಗಲೂ ಅತ್ತಿಗೆ ಸಂಜೆ ಅಂಗಳಕ್ಕೆ ಬಂದು ಆ ಹೆಸರನ್ನು ಬಾಯಿತುಂಬ ಕರೆಯುತ್ತಾಳೆ. ಕೆಳಗೆ ಒಂದು ಕೂಸು ಕೇಕೆ ಹಾಕುತ್ತದೆ. ಮೇಲಿನ ಮಹಡಿಯಲ್ಲಿ ಕುರ್ಚಿ ಹಿಂದಕ್ಕೆ ಸರಿದ ಸದ್ದಾಗಿ, “ಬಂದೆ!” ಎಂದು ಯಾರೋ ಗುಡುಗುತ್ತಾರೆ. ಕರೆದದ್ದು ಇಬ್ಬರಲ್ಲಿ ಯಾರನ್ನು ಎಂದು ಅಣ್ಣ ಅವಳನ್ನು ಒಮ್ಮೆ ಕೇಳಿದ. “ಮೂವರನ್ನ,” ಅಂದಳು ಅತ್ತಿಗೆ.